ಕೈಯೆತ್ತಿದರಷ್ಟೇ ಸಾಲದು

ದೀಪಾವಳಿಯ ರಜೆ ಮುಗಿದು ಚಳಿ ನೆಲೆಗೊಳ್ಳುತ್ತಿದ್ದಂತೆ ಪುಣೆಯ ಶಾಲೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಸಿಂಹಗಡ, ರಾಯಗಡಗಳಿಗೂ ಕೊಂಕಣದ ಕಡಲತೀರಕ್ಕೂ ಹೊರಡುವ ಬಸ್ಸುಗಳೊಂದಿಗೆ ಈಚೆಗೆ ಸಿಂಗಪುರ, ದುಬೈಗಳಿಗೆ ವಿಮಾನವೇರುವ ವಿದ್ಯಾರ್ಥಿವೃಂದಗಳೂ ಸೇರಿಕೊಂಡಿವೆ. ಊಟ, ವಸತಿ, ಶುಲ್ಕಗಳ ಚರ್ಚೆಯೆಲ್ಲ ತೀರಿದ ಮೇಲೆ, ಮಕ್ಕಳಿಗೆ ಏನಾದರೂ ಆದರೆ ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆ ಏಳುತ್ತದೆ. ಯಾರೋ ಒಬ್ಬ ತಾಯಿಯೋ ಅಧ್ಯಾಪಕರೋ ತಾವಿರುವುದಾಗಿ ಕೈಯೆತ್ತುತ್ತಾರೆ. ಸಭೆ ನಿಶ್ಚಿಂತವಾಗಿ ಚದುರುತ್ತದೆ. ಆ ಔದಾರ್ಯ ವಂದನೀಯವೇ ಸರಿ; ಆದರೆ ಆ ನಿಶ್ಚಿಂತೆಗೆ ತಕ್ಕ ಆಧಾರವಿಲ್ಲ.

ಶುಶ್ರೂಷೆಗೆ ತಾನಾಗಿ ಮುಂದೆ ಬರುವ ಅಧ್ಯಾಪಕಿಯ ಆದರ್ಶ ಈ ನಗರಕ್ಕೆ ಹೊಸದಲ್ಲ. 1848ರಲ್ಲಿ ಭಿಡೆ ವಾಡೆಯಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ ಸಾವಿತ್ರಿಬಾಯಿ ಫುಲೆಯವರು, ಅರ್ಧ ಶತಮಾನದ ತರುವಾಯ ಪ್ಲೇಗಿನ ಮಾರಿ ಪುಣೆಯನ್ನು ಆವರಿಸಿದಾಗ, ವೈದ್ಯನಾಗಿದ್ದ ದತ್ತುಪುತ್ರ ಯಶವಂತನೊಡನೆ ರೋಗಿಗಳ ಸೇವೆಗೆ ನಿಂತು, ಪೀಡಿತ ಬಾಲಕನೊಬ್ಬನನ್ನು ಸ್ವತಃ ಬೆನ್ನಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದು, ಅದೇ ವ್ಯಾಧಿಗೆ 1897ರ ಮಾರ್ಚ್ 10ರಂದು ಬಲಿಯಾದರು. ಅವರ ತ್ಯಾಗವನ್ನು ಸ್ಮರಿಸುವ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದಿದೆ: ಮಗುವನ್ನು ಹೊತ್ತಾಗ ಅದನ್ನು ಎಲ್ಲಿಗೆ ಒಯ್ಯಬೇಕೆಂಬುದು ಅವರಿಗೆ ತಿಳಿದಿತ್ತು, ಒಯ್ದಲ್ಲಿ ವೈದ್ಯನಿದ್ದನು. ಅವರ ಕರುಣೆಯ ಹಿಂದೆ ಸಿದ್ಧತೆಯೂ ಇದ್ದಿತು.

ಆ ಸಿದ್ಧತೆಯ ಬಹುಭಾಗ ನಡೆಯಬೇಕಾದುದು ಪ್ರಯಾಣಕ್ಕೆ ಮೊದಲೇ. ಯಾವ ಮಗುವಿಗೆ ಉಬ್ಬಸ, ಯಾರಿಗೆ ಕಡಲೆಕಾಯಿ ಒಗ್ಗದು, ಯಾರಿಗೆ ಹಿಂದೆ ಮೂರ್ಛೆ ಬಂದಿತ್ತು ಎಂಬುದನ್ನು ತಂದೆತಾಯಿಗಳಿಂದ ಬರೆಯಿಸಿಕೊಳ್ಳದೆ ಹೊರಟವನ ಪೆಟ್ಟಿಗೆಯಲ್ಲಿ ಎಷ್ಟು ಔಷಧಗಳಿದ್ದರೇನು? ಪರದೇಶಕ್ಕೆ ಹೋಗುವವರ ಹೊಣೆ ಇನ್ನೂ ಸೂಕ್ಷ್ಮವಾದುದು. ಇಲ್ಲಿ ಕೆಮ್ಮಿಗೆ ಬಳಸುವ ಕೊಡೀನ್ ಬೆರೆತ ಸಿರಪ್ಪು ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ನಿಯಂತ್ರಿತ ದ್ರವ್ಯ. ನಮ್ಮ ಪಾಯಸದ ಗಸಗಸೆಯೇ ಅಲ್ಲಿ ನಿಷಿದ್ಧ. ಅಂಬುಲೆನ್ಸಿಗೆ ಅಲ್ಲಿ 998, ಸಿಂಗಪುರದಲ್ಲಿ 995, ಯೂರೋಪಿನ ಬಹುಭಾಗದಲ್ಲಿ 112; ಸಂಕಟ ಬಂದೊದಗಿದ ಮೇಲೆ ಈ ಅಂಕೆಗಳನ್ನು ಹುಡುಕುತ್ತ ಕೂರುವಷ್ಟು ವ್ಯವಧಾನವಿರುವುದಿಲ್ಲ.

ಮಾಡಬಾರದ್ದನ್ನು ಮಾಡದಿರುವುದೂ ಪ್ರಥಮ ಚಿಕಿತ್ಸೆಯ ವಿದ್ಯೆಯ ಒಂದು ಅಂಗ. ಮೂರ್ಛೆ ಬಂದವನ ಕೈಗೆ ಬೀಗದಕೈ ಕೊಡುವುದು, ಹಾವು ಕಚ್ಚಿದ ಕಾಲನ್ನು ಬಿಗಿದು ಕಟ್ಟುವುದು, ಸುಟ್ಟಗಾಯಕ್ಕೆ ಟೂತ್‌ಪೇಸ್ಟ್ ಬಳಿಯುವುದು, ಇವೆಲ್ಲ ಸದುದ್ದೇಶದಿಂದಲೇ ನಡೆಯುವ ಕಾರ್ಯಗಳು. ಸದುದ್ದೇಶವೊಂದೇ ಸಾಲದೆಂಬುದಕ್ಕೆ ಸಾಕ್ಷ್ಯಗಳು.

ಪ್ರಥಮ ಚಿಕಿತ್ಸೆಯಿಂದ ಸಕಲ ಅನಾಹುತಗಳೂ ತಪ್ಪುವುವೆಂದು ನಾನು ಹೇಳುತ್ತಿಲ್ಲ. 2016ರ ಫೆಬ್ರುವರಿ 1ರಂದು ಪುಣೆಯ ಕಾಲೇಜೊಂದರ ಹನ್ನೆರಡಕ್ಕೂ ಮಿಕ್ಕ ವಿದ್ಯಾರ್ಥಿಗಳು ರಾಯಗಡ ಜಿಲ್ಲೆಯ ಮುರುಡ ಕಡಲಿನಲ್ಲಿ ಮುಳುಗಿದರು. 2024ರ ಡಿಸೆಂಬರಿನಲ್ಲಿ ಮುಳಬಾಗಿಲಿನಿಂದ ಪ್ರವಾಸ ಬಂದ ವಸತಿ ಶಾಲೆಯ ನಾಲ್ವರು ಬಾಲಕಿಯರು ಮುರುಡೇಶ್ವರದಲ್ಲಿ ಅಸುನೀಗಿದರು. ಮಕ್ಕಳನ್ನು ನೀರಿಗಿಳಿಯಗೊಡದ ಎಚ್ಚರವೇ ಅಲ್ಲಿ ಮೊದಲ ರಕ್ಷೆ. ಪ್ರಥಮ ಚಿಕಿತ್ಸಕನ ಹೆಸರಿನ ಮರೆಯಲ್ಲಿ ಆಡಳಿತದವರು ಆ ಹೊಣೆಯಿಂದ ನುಣುಚಿಕೊಳ್ಳಲಾಗದು. ಆದರೂ ಉಸಿರು ನಿಂತ ದೇಹವನ್ನು ದಡಕ್ಕೆ ತಂದಾಗ, ನಾಲ್ಕಾರು ನಿಮಿಷಗಳಲ್ಲಿಯೇ ಮೆದುಳಿಗೆ ಹಾನಿ ತೊಡಗುವುದರಿಂದ, ಬಾಯಿಂದ ಉಸಿರೂದಿ, ನಿಮಿಷಕ್ಕೆ 100ರಿಂದ 120ರ ಗತಿಯಲ್ಲಿ ಎದೆಯನ್ನೊತ್ತಬಲ್ಲವನು ಪಕ್ಕದಲ್ಲಿದ್ದಾನೆಯೇ ಇಲ್ಲವೇ ಎಂಬುದೇ ಪ್ರಾಣದ ಪ್ರಶ್ನೆಯಾಗುತ್ತದೆ. ಅವನೇ ಟಿಕೆಟ್ಟು ಕೊಳ್ಳುವವನೂ ತಲೆ ಎಣಿಸುವವನೂ ಆಗಿದ್ದರೆ ಆ ಕ್ಷಣದಲ್ಲಿ ಅವನು ಎಲ್ಲಿರುತ್ತಾನೆಂದು ಹೇಳಬಲ್ಲವರಾರು?

ಇದಕ್ಕೆ ಹೊಸ ತತ್ತ್ವವನ್ನೇನೂ ಅರಸಬೇಕಾಗಿಲ್ಲ. 1948ರ ಕಾರ್ಖಾನೆಗಳ ಅಧಿನಿಯಮವು ಪ್ರತಿ 150 ಕಾರ್ಮಿಕರಿಗೆ ಒಂದಕ್ಕೆ ಕಡಿಮೆಯಿಲ್ಲದಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿರಬೇಕೆಂದೂ, ಅದು ಮಾನ್ಯ ಪ್ರಮಾಣಪತ್ರವುಳ್ಳ, ಕೆಲಸದ ವೇಳೆಯಲ್ಲಿ ಸದಾ ಕೈಗೆ ಸಿಗುವ, ಪ್ರತ್ಯೇಕ ಹೊಣೆಗಾರನೊಬ್ಬನ ವಶದಲ್ಲಿರಬೇಕೆಂದೂ ವಿಧಿಸಿತು. ಪಿಂಪರಿ-ಚಿಂಚವಡದ ಯಂತ್ರಶಾಲೆಗಳನ್ನು ನಂಬಿ ಬದುಕುವ ಪುಣೆಗೆ ಈ ನಿಯಮ ಅಪರಿಚಿತವಲ್ಲ. ಶಾಲಾ ಪ್ರವಾಸಕ್ಕೆ ಅನುಮತಿ ನೀಡುವ ಶಿಕ್ಷಣ ಇಲಾಖೆಯು ಅರ್ಜಿಯಲ್ಲಿ ಬಸ್ಸಿನ ಸಂಖ್ಯೆಯೊಂದಿಗೆ ತರಬೇತಿ ಪಡೆದ ಪ್ರಥಮ ಚಿಕಿತ್ಸಕನ ಹೆಸರನ್ನೂ ಪ್ರಮಾಣಪತ್ರವನ್ನೂ ಕೇಳಲಿ; ಅವನಿಗೆ ಬೇರೆ ಕೆಲಸವನ್ನು ವಹಿಸಕೂಡದೆಂದು ಕಟ್ಟುಮಾಡಲಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಈ ಶಿಕ್ಷಣವನ್ನು ಬಹುಕಾಲದಿಂದ ನೀಡುತ್ತಲೇ ಬಂದಿವೆ. ಸ್ವಯಂಸೇವಕರ ತರಬೇತಿಯ ಶುಲ್ಕವನ್ನು ಶಾಲೆಯೇ ಭರಿಸಲಿ. ಲೇಥಿನ ಮುಂದೆ ನಿಂತ ವಯಸ್ಕನಿಗೆ ಕಾನೂನು ಎಂದೋ ಒದಗಿಸಿದ ಈ ರಕ್ಷಣೆಯನ್ನು, ಪರಸ್ಥಳದಲ್ಲಿ ನಮ್ಮನ್ನೇ ನಂಬಿ ನಡೆಯುವ ಮಕ್ಕಳಿಗೆ ನಿರಾಕರಿಸಲು ನಮಗೆ ಯಾವ ಸಮರ್ಥನೆಯೂ ಇಲ್ಲ.