ಗಾಜಿನ ಮಣಿ ಕಲಿಯಿರಿ, ಸಾಲ ಮಾಡಿ ಕಿಟ್ ತರಬೇಡಿ

ಮೊಬೈಲ್‌ನಲ್ಲಿ ಈಗ ಇಂಥ ವಿಡಿಯೊಗಳು ಬೇಕಾದಷ್ಟು ಬರುತ್ತವೆ. ಮೇಜಿನ ಮೇಲೆ ಉರಿಯುವ ಗ್ಯಾಸ್ ಟಾರ್ಚ್, ಕೈಯಲ್ಲಿ ಬಣ್ಣದ ಗಾಜಿನ ಕಡ್ಡಿ. ನೋಡನೋಡುತ್ತಲೇ ಗಾಜು ಜೇನಿನಂತೆ ಕರಗಿ ಕಂಬಿಗೆ ಸುತ್ತಿಕೊಳ್ಳುತ್ತದೆ, ಹೂವಿನ ಚಿತ್ತಾರದ ಮಣಿ ತಯಾರು. ಕೊನೆಗೆ 'ಮನೆಯಲ್ಲೇ ಕೂತು ಸಂಪಾದಿಸಿ' ಅನ್ನುವ ಮಾತು. ಇದನ್ನು ನೋಡಿ 'ಸಂಘದಲ್ಲಿ ಸಾಲ ತೆಗೆದು ಕಿಟ್ ತರಿಸಬಹುದಾ ಸರ್?' ಎಂದು ನಮ್ಮನ್ನು ಕೇಳುವ ಅಕ್ಕಂದಿರಿದ್ದಾರೆ. ನಮ್ಮ ಉತ್ತರ ಇಷ್ಟೇ: ಕಲಿಯಿರಿ, ಧಾರಾಳವಾಗಿ ಕಲಿಯಿರಿ. ಸಾಲ ಮಾತ್ರ ಈಗಲೇ ಬೇಡ.

ಇದನ್ನು ಕೆಲಸ ನೋಡಿಯೇ ಹೇಳುತ್ತಿದ್ದೇವೆ. ರಜೆ ಸಿಕ್ಕಾಗಲೆಲ್ಲ ಬಲ್ಲವರ ಪಕ್ಕ ಕೂತು ನಾವೂ ಮಾಡಿ ನೋಡಿದ್ದೇವೆ. ಮೊದಲು ಸ್ಟೀಲ್ ಕಂಬಿಯನ್ನು ಜೇಡಿಮಣ್ಣಿನಂಥ ಲೇಪದಲ್ಲಿ ಅದ್ದಿ ಒಣಗಿಸಬೇಕು. ಲೇಪ ಇಲ್ಲದಿದ್ದರೆ ಮಣಿ ಕಂಬಿಗೇ ಅಂಟಿ ಕೂರುತ್ತದೆ. ಒಂದು ಕೈ ಗಾಜು ಕರಗಿಸುವಾಗ ಇನ್ನೊಂದು ಕೈ ಕಂಬಿಯನ್ನು ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ಗಾಜು ಒಂದೇ ಕಡೆ ಜೋತು ಬೀಳುತ್ತದೆ. ರೊಟ್ಟಿ ತಟ್ಟಿ ಪಳಗಿದ ಕೈಗೆ ಈ ಹದ ಬೇಗ ಸಿಗುತ್ತದೆ. ಹಾಗಾಗಿ 'ನಮ್ಮಿಂದ ಆಗುತ್ತಾ' ಅನ್ನುವ ಹೆದರಿಕೆ ಯಾರಿಗೂ ಬೇಡ.

ಕಷ್ಟ ಶುರುವಾಗುವುದು ಮಣಿ ಆದ ಮೇಲೆ.

ಉರಿಯುವ ಲಾಂದ್ರದ ಗಾಜಿನ ಮೇಲೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆ ಎಂದು ಹಿರಿಯರಿಗೆ ಗೊತ್ತು. ಚಟ್ ಎಂದು ಸೀಳುತ್ತದೆ. ಮಣಿಯ ಕಥೆಯೂ ಅದೇ. ಹೊರಮೈ ಮೊದಲು ಆರುತ್ತದೆ, ಒಳಗೆ ಇನ್ನೂ ಬಿಸಿ ಇರುತ್ತದೆ. ಈ ಎಳೆದಾಟ ಗಾಜಿನೊಳಗೇ ಉಳಿದುಬಿಡುತ್ತದೆ. ಕೆಲವು ಮಣಿ ಅವತ್ತೇ ಬಿರುಕು ಬಿಡುತ್ತವೆ. ಕೆಲವು ತಿಂಗಳ ಮೇಲೆ, ಕೊಂಡವರ ಕೊರಳಲ್ಲಿ ಒಡೆಯುತ್ತವೆ. ಅಲ್ಲಿಗೆ ನಿಮ್ಮ ಹೆಸರೂ ಹೋಯಿತು.

ಇದಕ್ಕೆ ಮದ್ದು ಕಿಲ್ನ್ ಎಂಬ ಕರೆಂಟಿನ ಗೂಡು. ಮಾಮೂಲಿ ಮಣಿ ಗಾಜಾದರೆ ಸುಮಾರು 500ರಿಂದ 520 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟು, ಆಮೇಲೆ ಗಂಟೆಗಟ್ಟಲೆ ನಿಧಾನಕ್ಕೆ ಇಳಿಸಬೇಕು. ಬೂದಿಯಲ್ಲಿ ಹೂತಿಟ್ಟರೆ ಸಾಕು ಎಂದು ಕೆಲವು ವಿಡಿಯೊ ಹೇಳುತ್ತವೆ. ಬೂದಿ ಆರುವುದನ್ನು ತಡಮಾಡುತ್ತದೆ ಅಷ್ಟೇ. ಕಲಿಯುವಾಗ ಸರಿ, ದುಡ್ಡು ತೆಗೆದುಕೊಂಡು ಮಾರುವ ಮಣಿಗೆ ಅದು ಸಾಲದು. ಟಾರ್ಚ್ ಸಿಗುವ ಬೆಲೆಗೆ ಗೂಡು ಸಿಗುವುದಿಲ್ಲ. ಅಗ್ಗದ ಕಿಟ್‌ಗಳಲ್ಲಿ ಅದು ಇರುವುದೂ ಇಲ್ಲ. ಹಿಡಿದಿಡುವ ಹೊತ್ತಿನಲ್ಲೇ ಕರೆಂಟ್ ಹೋದರೆ ಆ ದಿನದ ಮಾಲೆಲ್ಲ ಅನುಮಾನದ್ದು. ಹಳ್ಳಿಯಲ್ಲಿ ಕರೆಂಟ್ ಹೇಗಿರುತ್ತದೆ ಎಂದು ನಾವು ನಿಮಗೆ ಹೇಳಬೇಕಿಲ್ಲ.

ಒಡೆದ ಬಳೆ, ಖಾಲಿ ಬಾಟಲಿ ಕರಗಿಸಿ ಮಾಡಬಹುದಲ್ಲ ಎಂದೂ ಕೇಳುತ್ತಾರೆ. ಅಭ್ಯಾಸಕ್ಕೆ ಮಾಡಬಹುದು. ಆದರೆ ಎಲ್ಲ ಗಾಜೂ ಬಿಸಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಬಳೆ ಗಾಜಿನ ಮೇಲೆ ಬಾಟಲಿ ಗಾಜಿನ ಹೂ ಬಿಡಿಸಿದರೆ ಆರುವಾಗ ಎರಡೂ ಜಗಳಕ್ಕೆ ಬಿದ್ದು ಮಣಿ ಸೀಳುವ ಸಂಭವ ಹೆಚ್ಚು. ಮಣಿಗೆಂದೇ ಮಾರುವ ಕಡ್ಡಿಗಳ ಮೇಲೆ 104, 33 ಎಂಬಂಥ ಸಂಖ್ಯೆ ಇರುತ್ತದೆ. ಅದು ಹಿಗ್ಗುವಿಕೆಯ ಅಳತೆ. 104ರ ಜೊತೆ 33 ಸೇರಿಸಲೇಬಾರದು.

ಇನ್ನು ಜೀವದ ಮಾತು. ಅಡುಗೆಮನೆ ಈ ಕೆಲಸದ ಜಾಗ ಅಲ್ಲವೇ ಅಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರದ ಕೆಲಸಕ್ಕೆ ಬಳಸಲು ಕಾನೂನೂ ಒಪ್ಪುವುದಿಲ್ಲ. ಗಾಳಿಯಾಡುವ ಜಾಗ, ಹತ್ತಿ ಬಟ್ಟೆ, ಕಟ್ಟಿದ ಕೂದಲು, ಸಿಕ್ಕಿಸಿದ ಸೆರಗು ಬೇಕೇ ಬೇಕು. ಉರಿಯಲ್ಲಿ ಗಾಜು ಹಳದಿ ಬೆಳಕು ಕಕ್ಕುತ್ತದೆ, ಅದರ ಹಿಂದೆ ಮಣಿ ಕಾಣುವುದಿಲ್ಲ. ಅದನ್ನು ತಡೆಯುವ ಡಿಡಿಮಿಯಂ ಕನ್ನಡಕ ಬೇರೆಯೇ ಇದೆ, ಕೂಲಿಂಗ್ ಗ್ಲಾಸ್ ಸಾಕಾಗದು. ಮಣಿಯ ತೂತಿನಲ್ಲಿ ಉಳಿದ ಲೇಪವನ್ನು ನೀರಿನಲ್ಲಿ ಮುಳುಗಿಸಿಯೇ ಕೆರೆಯಬೇಕು, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಂಪು ಆರಿದ ಮೇಲೂ ಗಾಜು ಸುಡುತ್ತದೆ, ನೋಡಲು ಮಾತ್ರ ತಣ್ಣಗಿದ್ದಂತೆ ಇರುತ್ತದೆ. ಮಕ್ಕಳಿರುವ ಮನೆಯವರು ಇದನ್ನು ಎರಡು ಸಲ ಓದಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಮಣಿ ಅಂದ ಕೂಡಲೇ ನಮಗೆ ನೆನಪಾಗುವುದು ಕರಿಮಣಿ. ಮನೆಯಲ್ಲಿ ಟಾರ್ಚ್ ಹಿಡಿದು ಅದನ್ನು ಮಾಡಿ ಗೆಲ್ಲಲು ಆಗುವುದಿಲ್ಲ. ಸಣ್ಣ ಮಣಿಗಳನ್ನು ಒಂದೊಂದಾಗಿ ಸುತ್ತುವ ಪದ್ಧತಿಯೇ ಅಲ್ಲಿಲ್ಲ. ಕರಗಿದ ಗಾಜನ್ನು ಉದ್ದನೆಯ ಸಣ್ಣ ಕೊಳವೆಯಾಗಿ ಎಳೆದು, ಚೂರು ಚೂರು ಕತ್ತರಿಸಿ, ಮತ್ತೆ ಬಿಸಿ ಮಾಡಿ ಅಂಚು ನಯ ಮಾಡುತ್ತಾರೆ. ಸುಮಾರು 2000 ವರ್ಷಗಳ ಹಿಂದೆಯೇ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಹೀಗೆ ಮಾಡಿದ ಮಣಿ ಕಡಲು ದಾಟಿ ಹೋಗುತ್ತಿತ್ತು. ಆಂಧ್ರದ ಶ್ರೀಕಾಳಹಸ್ತಿ ಸೀಮೆಯ ಪಾಪಾನಾಯ್ಡುಪೇಟ ಇದೇ ಪದ್ಧತಿಗೆ ಹೆಸರಾದ ಊರು. ಕಡ್ಡಿ ಕರಗಿಸಿ ಸುತ್ತುವ ಮಣಿಗೂ ಉತ್ತರ ಪ್ರದೇಶದ ಪುರ್ದಿಲ್‌ನಗರದಂಥ ಊರುಗಳಲ್ಲಿ ತಲೆಮಾರುಗಳಿಂದ ಪಳಗಿದ ಕೈಗಳಿವೆ. ನಿನ್ನೆ ಟಾರ್ಚ್ ಹಿಡಿದವರು ಇವರ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯುವುದು ಬೇಡ. ನಮ್ಮವರಿಗೆ ಉಳಿದಿರುವ ದಾರಿ ಒಂದೇ: ದೊಡ್ಡದು, ಚಿತ್ತಾರದ್ದು, ಬಿಡಿಯಾಗಿ ಬೆಲೆ ಕಟ್ಟುವಂಥ ಮಣಿ. ಅದು ಒಡೆಯಬಾರದು. ಅಂದರೆ ಮತ್ತೆ ಗೂಡಿನ ಬುಡಕ್ಕೇ ಬಂದೆವು.

ಅದಕ್ಕೇ ನಾವು ಹೇಳುವುದು, ಮನೆಗೊಂದು ಕಿಟ್ ಬೇಡ, ಸಂಘಕ್ಕೊಂದು ಗೂಡು ಇರಲಿ. ಊರಿಗೆಲ್ಲ ಒಂದು ಹಿಟ್ಟಿನ ಗಿರಣಿ ಸಾಕಾಗುವುದಿಲ್ಲವೇ? ಹತ್ತು ಜನ ಮಾಡಿದ ಮಣಿ ಒಂದೇ ಗೂಡಿನಲ್ಲಿ ಒಟ್ಟಿಗೆ ಆರುತ್ತದೆ. ಸಿಲಿಂಡರ್, ಕನ್ನಡಕ, ಬೆಂಕಿ ಆರಿಸುವ ಸಾಧನ ಎಲ್ಲ ಒಂದೇ ಕಡೆ ಇರುತ್ತವೆ. ನಷ್ಟವಾದರೂ ಒಬ್ಬಳ ತಲೆ ಮೇಲೆ ಬೀಳುವುದಿಲ್ಲ. ತರಬೇತಿ ಕೊಡುವವರೂ, ಸಾಲ ಮಂಜೂರು ಮಾಡುವವರೂ ಗೂಡಿಲ್ಲದ ಮಣಿ ಯೋಜನೆಗೆ ಸಹಿ ಹಾಕಬಾರದು. ಪ್ರಮಾಣಪತ್ರ ಕೊಟ್ಟು ಫೋಟೊ ತೆಗೆಸಿಕೊಂಡರೆ ಅವರ ಕೆಲಸ ಮುಗಿಯಿತು. ಕಂತು ಕಟ್ಟುವವಳ ಕೆಲಸ ಅವತ್ತೇ ಶುರು.

ಕಿಟ್ ಮಾರುವವರು ಫೋನ್ ಮಾಡಿದರೆ ಮೂರು ಪ್ರಶ್ನೆ ಕೇಳಿ. ಮಣಿ ಆರಿಸಲು ಗೂಡು ಎಲ್ಲಿದೆ? ಗಾಜಿನ ಸಂಖ್ಯೆ ಎಷ್ಟು? ಮಾಡಿದ ಮಣಿ ಯಾರು ಕೊಳ್ಳುತ್ತಾರೆ, ಅದನ್ನು ಬರೆದು ಕೊಡುತ್ತೀರಾ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ದಿನ ಸಾಲದ ಅರ್ಜಿ ಬರೆಯಿರಿ. ಅಲ್ಲಿವರೆಗೆ ಬಲ್ಲವರ ಪಕ್ಕ ಕೂತು ಕಂಬಿ ತಿರುಗಿಸುವುದನ್ನು ಕಲಿಯಿರಿ. ಕಲಿತ ಕೈಗೆ ಬಡ್ಡಿ ಬೀಳುವುದಿಲ್ಲ.