ರೂಟರ್ ನಿಮ್ಮದೇ, ಅದರ ಆಯಸ್ಸು ಯಾರ ಕೈಯಲ್ಲಿ?

ಪುಣೆ: ಇಲ್ಲಿನ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಕೆಲ ವರ್ಷಗಳ ಹಿಂದೆ ತಂದ ವೈ-ಫೈ ರೂಟರ್ ಇಂದಿಗೂ ಚೆನ್ನಾಗಿಯೇ ಓಡುತ್ತಿರಬಹುದು. ಆದರೆ ಅದರೊಳಗಿನ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ, ಕಂಪನಿ ಅಪ್‌ಡೇಟ್ ನಿಲ್ಲಿಸಿದ್ದರೆ ಬಾಗಿಲಿದ್ದೂ ಬೀಗವಿಲ್ಲದಂತೆ. ಹಿಂಜೆವಾಡಿಯ ಐಟಿ ಉದ್ಯೋಗಿ ಮನೆಯಿಂದಲೇ ಕೆಲಸ ಮಾಡುವಾಗ ಕಚೇರಿಯ ಮಾಹಿತಿಯೂ ಇದೇ ಬಾಗಿಲಿನಿಂದ ಹಾದುಹೋಗುತ್ತದೆ.

ಅಪಾಯ ಕಾಲ್ಪನಿಕವಲ್ಲ

2017ರ ಜುಲೈನಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಮೊಡೆಮ್‌ಗಳು ಮಾಲ್‌ವೇರ್ ದಾಳಿಗೆ ತುತ್ತಾಗಿದ್ದವು. ಮೊದಲಿನಿಂದ ಇದ್ದ ಪಾಸ್‌ವರ್ಡ್ ಬದಲಿಸದಿದ್ದುದೇ ದಾಳಿಗೆ ದಾರಿಯಾಗಿತ್ತು. 2018ರಲ್ಲಿ ಪತ್ತೆಯಾದ 'ವಿಪಿಎನ್‌ಫಿಲ್ಟರ್' 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಿಗೆ ಹಬ್ಬಿತ್ತು. ಕೇಂದ್ರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಪುಣೆಯ ಕ್ವಿಕ್ ಹೀಲ್ ಕಂಪನಿಯ ಉಚಿತ ಟೂಲ್ ಸಿಗುತ್ತದೆ. ಆದರೆ ಅದು ಕಂಪ್ಯೂಟರ್ ಶುಚಿ ಮಾಡುತ್ತದೆಯೇ ಹೊರತು ರೂಟರನ್ನಲ್ಲ.

ಪರ್ಯಾಯ ಏನು?

'ಓಪನ್‌ಡಬ್ಲ್ಯುಆರ್‌ಟಿ'ಯಂಥ ಮುಕ್ತ ತಂತ್ರಾಂಶ ಒಂದು ದಾರಿ. ಲಿಂಕ್‌ಸಿಸ್ ಕಂಪನಿಯ ರೂಟರ್‌ನಲ್ಲಿ ಲಿನಕ್ಸ್ ಬಳಸಿದ್ದು ಬೆಳಕಿಗೆ ಬಂದ ಬಳಿಕ, ಪರವಾನಗಿ ನಿಯಮದಂತೆ 2003ರಲ್ಲಿ ಅದರ ಮೂಲ ಕೋಡ್ ಬಿಡುಗಡೆಯಾಯಿತು. ಅದರ ಮೇಲೆ 2004ರಲ್ಲಿ ಈ ಯೋಜನೆ ಹುಟ್ಟಿತು. ಕಂಪನಿ ಕೈಬಿಟ್ಟ ಎಷ್ಟೋ ಮಾದರಿಗಳಿಗೆ ಸ್ವಯಂಸೇವಕರು ಈಗಲೂ ಭದ್ರತಾ ಅಪ್‌ಡೇಟ್ ಒದಗಿಸುತ್ತಿದ್ದಾರೆ.

ಆದರೆ ಇದು ಎಲ್ಲರಿಗೂ ಸಲ್ಲುವ ಮದ್ದಲ್ಲ. ರೂಟರ್‌ನ ಮಾದರಿ ಮಾತ್ರವಲ್ಲ, ಅದರ ಹಾರ್ಡ್‌ವೇರ್ ಆವೃತ್ತಿಯೂ ಹೊಂದಬೇಕು. ತಪ್ಪು ಫೈಲ್ ಹಾಕಿದರೆ ಸಾಧನ ಮತ್ತೆ ಆನ್ ಆಗದೇ ಹೋಗಬಹುದು. ವಾರಂಟಿಗೂ ಕುತ್ತು ಬರಬಹುದು. ಮೆಮೊರಿ ತೀರಾ ಕಡಿಮೆ ಇರುವ ಹಳೇ ಮಾದರಿಗಳಿಗೆ ಹೊಸ ಆವೃತ್ತಿ ಸಿಗುವುದಿಲ್ಲ. ಇಂಟರ್‌ನೆಟ್ ಕಂಪನಿಯೇ ಕೊಡುವ ಫೈಬರ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇದು ಸಾಧ್ಯವೂ ಇಲ್ಲ.

ಹೊಣೆ ಯಾರದು?

ಅಸಲು ಪ್ರಶ್ನೆ ಇರುವುದು ಇಲ್ಲೇ. ಕಂಪನಿ ಮಾಡಬೇಕಾದ ಕೆಲಸವನ್ನು ಗ್ರಾಹಕ ಏಕೆ ಮಾಡಬೇಕು? ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಾದ ಕಾನೂನಿನಂತೆ, ಎಲ್ಲ ಸಾಧನಕ್ಕೂ ಒಂದೇ ಸುಲಭ ಪಾಸ್‌ವರ್ಡ್ ಇಡುವಂತಿಲ್ಲ. ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನೂ ತಯಾರಕರು ತಿಳಿಸಲೇಬೇಕು. ಔಷಧದ ಪೊಟ್ಟಣದ ಮೇಲೆ ಅವಧಿ ಮುಗಿಯುವ ದಿನಾಂಕ ನೋಡಿ ಕೊಳ್ಳುವ ನಮ್ಮ ಗ್ರಾಹಕರಿಗೆ, ರೂಟರ್ ಪೆಟ್ಟಿಗೆಯ ಮೇಲೂ ಅಂಥದ್ದೊಂದು ದಿನಾಂಕ ಕೇಳುವ ಹಕ್ಕಿದೆ. ಅಲ್ಲಿಯವರೆಗೆ ಪಾಸ್‌ವರ್ಡ್ ಬದಲಿಸುವುದು, ಅಪ್‌ಡೇಟ್ ಬಂದಿದೆಯೇ ಎಂದು ನೋಡುವುದು ಮನೆಯವರ ಪಾಲಿನ ಕೆಲಸ.