ತೊಟ್ಟಿಲ ಶಿಶುವೂ ದೂರದ ಪೌರತ್ವವೂ

ಚೊಚ್ಚಲ ಬಸುರಿಯು ಹೆರಿಗೆಗೆ ತವರಿಗೆ ಬರುವುದು ನಮ್ಮ ನಾಡಿನ ಪೂರ್ವಪದ್ಧತಿ. ನಮ್ಮ ಮಿತ್ರರೊಬ್ಬರ ಮಗಳೂ ಹಾಗೆಯೇ ಮೈಸೂರಿಗೆ ಬಂದಳು. ಅವಳು ಭಾರತದ ಪ್ರಜೆ. ಅಳಿಯನು ಅಮೆರಿಕದ ಪೌರತ್ವವನ್ನು ಸ್ವೀಕರಿಸಿದವನು. ಮೊಮ್ಮಗನು ಹುಟ್ಟಿದ ಘಳಿಗೆಯನ್ನು ಗುರುತಿಟ್ಟು ಜಾತಕ ಬರೆಯಿಸಿದ ಮಿತ್ರರು, “ಮಗು ಯಾವ ದೇಶದ್ದು, ಮೇಷ್ಟರೇ? ತಾಯಿ ಹೊರಡುವ ದಿನ ಇದು ಇಲ್ಲಿಯೇ ಉಳಿಯಬೇಕಾದೀತೇ?” ಎಂದು ಅಳುಕಿನಿಂದ ಕೇಳಿದರು.

ತಂದೆಯು ಅಲ್ಲಿಯ ಪ್ರಜೆಯಾದ ಮಾತ್ರಕ್ಕೆ ಮಗುವಿಗೆ ಆ ಹಕ್ಕು ಬಾರದು. ತಾಯಿಯು ಅನ್ಯದೇಶದವಳಾದಲ್ಲಿ, ಶಿಶುಜನನಕ್ಕೆ ಮೊದಲು ತಂದೆಯು ಒಟ್ಟು 5 ವರ್ಷ, ಅದರಲ್ಲಿ 14 ವಯಸ್ಸು ತುಂಬಿದ ಮೇಲೆ 2 ವರ್ಷವಾದರೂ, ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಹಾಗಿದ್ದಲ್ಲಿ ಮಗು ಹುಟ್ಟಿನಿಂದಲೇ ಅಲ್ಲಿಯ ಪ್ರಜೆ. 18 ವರ್ಷ ತುಂಬುವುದರೊಳಗೆ ಆ ದೇಶದ ದೂತಾವಾಸದಲ್ಲಿ ಜನನವನ್ನು ದಾಖಲು ಮಾಡಿಸತಕ್ಕದ್ದು. ಅವಧಿ ಸಾಲದಿದ್ದರೂ ನಿರಾಶೆ ಬೇಡ. ಖಾಯಂ ವಾಸದ ಅನುಮತಿ ಪಡೆದು, 18ರೊಳಗೆ ತಂದೆಯ ಪೋಷಣೆಯಲ್ಲಿ ಅಲ್ಲಿ ನೆಲಸಿದ ಮಗುವು 2000ದ ಶಾಸನದಂತೆ ತಾನಾಗಿಯೇ ಪ್ರಜೆಯಾಗುವುದು.

ಆದುದರಿಂದ ಗೃಹಸ್ಥರು 21 ದಿನಗಳೊಳಗೆ ಇಲ್ಲಿ ಜನನವನ್ನು ನೋಂದಾಯಿಸಿ, ತಂದೆಯ ಹಳೆಯ ಪಾಸ್‌ಪೋರ್ಟುಗಳನ್ನೂ ಶಾಲೆಯ ಪತ್ರಗಳನ್ನೂ ಜೋಪಾನ ಮಾಡಲಿ. ಜಾತಕವನ್ನು ಮತ್ತೊಮ್ಮೆ ಗುಣಿಸಬಹುದು. ಕಳೆದ ಕಾಗದವು ಯಾವ ಗಣಿತಕ್ಕೂ ಸಿಕ್ಕದು.